ಹೊಂಬಾಳಮ್ಮ ಹಾಕಿದ ಜಡೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹಿರಿಯರೊಬ್ಬರಲ್ಲಿ ಕೊರತೆ ಕಂಡರೆ ಏನು ಮಾಡಬೇಕು? ಅದನ್ನು ಮುಚ್ಚುವುದು ಪ್ರೀತಿಯೇ, ಎದುರಿಗೆ ಹೇಳಿಬಿಡುವುದು ಪ್ರೀತಿಯೇ?"

ಗುರು ಅವನ ಮುಖವನ್ನು ನೋಡಿದರು. ಆಮೇಲೆ ಹೇಳಿದರು:

ಇದಕ್ಕೆ ಒಂದು ಜಡೆಯ ಕತೆ ಇದೆ. ನಗಬೇಡ. ತಲೆ ಬೋಳಿಸಿಕೊಂಡವರಿಗೆ ಜಡೆಯ ಉಸಾಬರಿ ಯಾಕೆ ಎನ್ನಬೇಡ. ನಾನು ಹುಟ್ಟುವಾಗಲೇ ಕಾವಿ ಉಟ್ಟು ಬಂದವನಲ್ಲ. ನನಗೆ ನಾಲ್ವರು ಅಕ್ಕಂದಿರು. ಬೆಳಗಾದರೆ ನಮ್ಮ ಮನೆಯ ಜಗಲಿಯ ತುಂಬ ಬಾಚಣಿಗೆ, ಹರಳೆಣ್ಣೆ ಮತ್ತು ಜಗಳ. ಈ ಕತೆಯನ್ನು ನನ್ನ ತಾಯಿ ಅವರ ತಲೆ ಬಾಚುತ್ತಾ ಹೇಳುತ್ತಿದ್ದಳು. ಕೇಳು.

ಒಂದು ಊರಿನಲ್ಲಿ ಹೊಂಬಾಳಮ್ಮ ಎಂಬ ಹೆಂಗಸಿದ್ದಳು. ಜಡೆ ಹಾಕುವುದು ಅವಳ ಕಸುಬು. ಮದುವೆಯ ಹೆಣ್ಣಾಗಲಿ, ಸೀಮಂತದ ಬಸುರಿಯಾಗಲಿ, ಮೊಗ್ಗಿನ ಜಡೆ ಬೇಕೆಂದರೆ ಅವಳ ಜಗಲಿಗೇ ಬಂದು, ಅವಳಿಗೆ ಬೆನ್ನು ಹಾಕಿ ಕೂರಬೇಕು. ಅವಳ ಕೈಗುಣ ಒಳ್ಳೆಯದು ಎಂದು ಊರು ನಂಬಿತ್ತು. ಅವಳು ಜಡೆ ಹಾಕಿ ಕಳಿಸಿದ ಹೆಣ್ಣು ಗಂಡನ ಮನೆಯಲ್ಲಿ ಕಣ್ಣೀರು ಹಾಕುವುದಿಲ್ಲ ಎಂದು ಹೇಳುತ್ತಿದ್ದರು. ನಿಜವೋ ಸುಳ್ಳೋ ನನಗೆ ತಿಳಿಯದು. ಕಣ್ಣೀರು ಹಾಕಿದವರು ಬಂದು ಹೇಳಿರಲಿಕ್ಕಿಲ್ಲ.

ಕೈಗುಣಕ್ಕಿಂತ ದೊಡ್ಡದು ಅವಳ ಕಣ್ಣು. ಜಡೆ ಯಾರಿಗಾದರೂ ಮೂರು ಎಳೆಯೇ. ಅದನ್ನು ಎಲ್ಲಿ ಶುರು ಮಾಡಬೇಕು, ಎಷ್ಟು ದಪ್ಪ ಹೆಣೆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎನ್ನುವುದು ವಿದ್ಯೆ. ಮುಖ ತೀರ ಉದ್ದವಾದ ಹುಡುಗಿ ಬಂದರೆ ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು ಕಟ್ಟುವಳು. ಮುಖ ತುಂಬಿಕೊಂಡು ಕಾಣುವುದು. ಬೆನ್ನು ಸ್ವಲ್ಪ ಬಾಗಿದವಳು ಬಂದರೆ ಜಡೆಯನ್ನು ಅಗಲವಾಗಿ ಹೆಣೆದು ಬೆನ್ನ ತುಂಬ ಮೊಗ್ಗು ಹರಡುವಳು. ನೋಡುವವರ ಕಣ್ಣು ಹೂವಿನಲ್ಲೇ ನಿಂತುಬಿಡುವುದು. ಗಳುವಿನ ಹಾಗೆ ಬೆಳೆದ ಹುಡುಗಿಗೆ ಜಡೆಯನ್ನು ನೀಳವಾಗಿ ಬಿಡದೆ ಸೊಂಟದ ಮೇಲೇ ಮಡಚಿ ಕಟ್ಟುವಳು. ಬೈತಲೆಯಲ್ಲಿ ಕೂದಲು ತೆಳ್ಳಗಾದವಳಿಗೆ ಬೈತಲೆಯನ್ನೇ ಒಂದು ಬೆರಳು ಪಕ್ಕಕ್ಕೆ ಸರಿಸುವಳು.

ಆದರೆ ಯಾಕೆ ಹೀಗೆ ಎಂದು ಒಬ್ಬರಿಗೂ ಹೇಳಿದವಳಲ್ಲ. ಕೇಳಿದರೆ ಬೇರೆಯದೇ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಉದ್ದ ಮುಖದವಳಿಗೆ, "ಥಂಡಿ ಗಾಳಿ ಕಣವ್ವ, ಕಿವಿ ಬೆಚ್ಚಗಿರ್ಲಿ" ಎನ್ನುವಳು. ಬಾಗಿದ ಬೆನ್ನಿನವಳಿಗೆ, "ಇವತ್ತು ಮೊಗ್ಗು ಮಿಕ್ಕೋಯ್ತು, ಬಿಸಾಕೋಕೆ ಮನಸ್ಸು ಬರ್ಲಿಲ್ಲ" ಎನ್ನುವಳು. ತಮ್ಮಲ್ಲಿ ಮುಚ್ಚುವಂಥದ್ದು ಏನಾದರೂ ಇತ್ತೆಂದು ಆ ಹುಡುಗಿಯರಿಗೆ ಗೊತ್ತೇ ಆಗುತ್ತಿರಲಿಲ್ಲ. ಚೆನ್ನಾಗಿ ಕಾಣುತ್ತೇನೆ ಎಂದಷ್ಟೇ ತಿಳಿದು, ತಲೆಯೆತ್ತಿ ನಡೆದು ಹೋಗುತ್ತಿದ್ದರು. ಈ ವಿಚಾರದಲ್ಲಿ ಅವಳದು ಒಂದೇ ಮಾತು. "ಬಾಚಣಿಗೆಗೆ ಹಲ್ಲು ಅದೆ, ನಾಲಿಗೆ ಇಲ್ಲ" ಎನ್ನುತ್ತಿದ್ದಳು.

ಅವಳಿಗೆ ಒಬ್ಬನೇ ಮಗ. ಸೊಸೆಯಾಗಿ ಬಂದವಳು ದಾಕ್ಷಾಯಿಣಿ. ಹುಡುಗಿ ಗಿಡ್ಡ. ಮುಖ ದುಂಡಗೆ, ಕುತ್ತಿಗೆ ಮೋಟು. ಆದರೆ ಕೂದಲು ಮಂಡಿಯವರೆಗೆ. ತವರಿನಲ್ಲಿ ಅವಳ ತಾಯಿ, ಇದ್ದ ಕೂದಲು ಸಾಲದೆಂದು ಚೌರಿಯನ್ನೂ ಸೇರಿಸಿ, ಹಗ್ಗದಂಥ ಜಡೆಯನ್ನು ಕುತ್ತಿಗೆಯ ಬುಡದಲ್ಲೇ ಹಾಕುತ್ತಿದ್ದಳು. ಹೆತ್ತವರ ಪ್ರೀತಿಗೆ ಅಳತೆ ತಿಳಿಯುವುದಿಲ್ಲ. ಆ ಜಡೆಯ ಭಾರದಲ್ಲಿ ಇದ್ದಷ್ಟು ಕುತ್ತಿಗೆಯೂ ಕಾಣೆಯಾಗಿತ್ತು.

ಮೊದಲ ದಿನ ಬೆಳಗ್ಗೆ ಹೊಂಬಾಳಮ್ಮ ಸೊಸೆಯನ್ನು ಮುಂದೆ ಕೂರಿಸಿಕೊಂಡಳು. ಚೌರಿಯನ್ನು ತೆಗೆದು ಪಕ್ಕಕ್ಕಿಟ್ಟಳು. ನಡುಬೈತಲೆ ತೆಗೆದು, ನೆತ್ತಿಯ ಕೂದಲನ್ನು ಸ್ವಲ್ಪ ಮೇಲಕ್ಕೆತ್ತಿ, ಜಡೆಯನ್ನು ನಾಲ್ಕು ಬೆರಳು ಎತ್ತರದಿಂದ ಶುರು ಮಾಡಿದಳು. ಕೆಳಗೆ ಬರುತ್ತಾ ಸಣ್ಣದಾಗಿ ಹೆಣೆದು ತುದಿಗೆ ಪುಟ್ಟ ಕುಚ್ಚು ಕಟ್ಟಿದಳು. "ನಮ್ಮೂರು ಬಲೇ ಸೆಕೆ ಕಣವ್ವ. ಕುತ್ತಿಗೆಗೆ ಒಸಿ ಗಾಳಿಯಾಡ್ಲಿ" ಎಂದಳು. ದಾಕ್ಷಾಯಿಣಿ ಹೋಗಿ ಕನ್ನಡಿ ನೋಡಿಕೊಂಡಳು. ತನಗೂ ಒಂದು ಕುತ್ತಿಗೆ ಇದೆ ಎಂದು ಅವಳಿಗೆ ತಿಳಿದದ್ದು ಅಂದೇ.

ಸೆಕೆಯ ಮಾತನ್ನು ಅವಳು ಎರಡು ವರ್ಷ ನಂಬಿಕೊಂಡೇ ಇದ್ದಳು. ಅಷ್ಟರಲ್ಲಿ ಅತ್ತೆಯ ಪಕ್ಕ ಕೂತು ಕಸುಬು ಕಲಿತಿದ್ದಳು. ಒಂದು ದಿನ ಅತ್ತೆಗೆ ಜ್ವರ. ದುಂಡು ಮುಖದ ಹುಡುಗಿಯೊಬ್ಬಳಿಗೆ ದಾಕ್ಷಾಯಿಣಿಯೇ ಜಡೆ ಹಾಕಲು ಕೂತಳು. ಅವಳ ಕೈ ತಾನಾಗಿ ನಾಲ್ಕು ಬೆರಳು ಮೇಲಕ್ಕೆ ಹೋಯಿತು. ಹೊರಗೆ ಮಾಗಿಯ ಚಳಿ. ಆಗ ಅವಳಿಗೆ ಅರ್ಥವಾಯಿತು. ಆ ಹುಡುಗಿಯನ್ನು ಕಳಿಸಿ, ಒಳಗೆ ಒಲೆಯ ಮುಂದೆ ಕೂತು ಅತ್ತಳು. ಅವಮಾನಕ್ಕೆ ಅತ್ತದ್ದಲ್ಲ. ತನ್ನನ್ನು ಇಷ್ಟು ನಾಜೂಕಾಗಿ ಯಾರೂ ನೋಡಿಕೊಂಡಿರಲಿಲ್ಲ ಎಂದು ಅತ್ತಳು.

ವರ್ಷಗಳು ಹೋದವು. ಹೊಂಬಾಳಮ್ಮನಿಗೆ ವಯಸ್ಸಾಯಿತು. ಕಣ್ಣಿಗೆ ಪೊರೆ ಬಂತು. ಬೆರಳುಗಳ ಗೆಣ್ಣು ಊದಿಕೊಂಡವು. ಹೆಣಿಗೆ ಒಮ್ಮೆ ಬಿಗಿಯಾಗುತ್ತಿತ್ತು, ಒಮ್ಮೆ ಸಡಿಲವಾಗುತ್ತಿತ್ತು. ಅವಳೇನೋ ಎಂದಿನಂತೆ ಜಗಲಿಯ ಮೇಲೆ ಕೂರುತ್ತಿದ್ದಳು. "ಬಾಚಣಿಗೆ ಕೆಳಗಿಟ್ಟ ದಿನ ನನ್ನನ್ನೂ ಎತ್ತಿಬಿಡಿ" ಎಂದು ನಗುತ್ತಿದ್ದಳು. ಮನೆಯವರು ನಗುತ್ತಿರಲಿಲ್ಲ. ಅದು ಬರೀ ತಮಾಷೆಯಲ್ಲ ಎಂದು ಅವರಿಗೆ ಗೊತ್ತಿತ್ತು.

ಒಂದು ಮದುವೆಯಲ್ಲಿ ಆಗಬಾರದ್ದು ಆಯಿತು. ಮುಹೂರ್ತದ ಹೊತ್ತಿಗೆ ಸರಿಯಾಗಿ ಹೆಣ್ಣಿನ ಜಡೆ ಬಿಚ್ಚಿಕೊಂಡು, ಕುಚ್ಚು ಹಸೆಯ ಮೇಲೆ ಬಿತ್ತು. ಹೆಣ್ಣಿನ ಮುಖ ಸುಣ್ಣವಾಯಿತು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾಕ್ಷಾಯಿಣಿ ಅಲ್ಲೇ ಇದ್ದಳು. ಓಡಿ ಹೋಗಿ ಸೆರಗು ಅಡ್ಡ ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಹೆಣೆದು ಕಟ್ಟಿದಳು.

ಹೊಂಬಾಳಮ್ಮ ಮಂಡಿನೋವಿನಿಂದ ಮದುವೆಗೆ ಹೋಗಿರಲಿಲ್ಲ. ಸಂಜೆ ಜಗಲಿಯ ಮೇಲೆ ಕೂತು, ಹೋಗಿಬಂದವರನ್ನೆಲ್ಲ ಕೇಳಿದಳು: "ಜಡೆ ಹೆಂಗಿತ್ತವ್ವ?"

"ಬಲು ಚೆಂದಾಗಿತ್ತು ಹೊಂಬಾಳಕ್ಕ" ಎಂದರು ಎಲ್ಲರೂ. ಹೆಣ್ಣಿನ ತಾಯಿಯೂ ಅದನ್ನೇ ಹೇಳಿದಳು.

ಅಂದಿನಿಂದ ಒಂದು ಏರ್ಪಾಡಾಯಿತು. ಮದುವೆಯ ಹೆಣ್ಣು ಬೆಳಗ್ಗೆ ಬಂದು ಹೊಂಬಾಳಮ್ಮನ ಮುಂದೆ ಕೂರುವಳು. ಜಡೆ ಹಾಕಿಸಿಕೊಂಡು, ಕಾಲಿಗೆ ನಮಸ್ಕಾರ ಮಾಡಿ, ಮುಂದಿನ ಬೀದಿಯಿಂದ ಹೊರಡುವಳು. ಹೋಗಿ ಹಿಂದಿನ ಬೀದಿಯಿಂದ ಹೂವಾಡಗಿತ್ತಿ ಗಿರಿಜಕ್ಕನ ಮನೆಯ ಹಿತ್ತಲಿಗೆ ಬರುವಳು. ಹೂ ತರುತ್ತೇನೆಂದು ಹೊರಟ ದಾಕ್ಷಾಯಿಣಿ ಅಲ್ಲಿ ಬಾಚಣಿಗೆ ಹಿಡಿದು ಕಾಯುತ್ತಿರುವಳು. ಅತ್ತೆ ಹಾಕಿದ ಜಡೆಯನ್ನು ಬಿಚ್ಚಿ ಸೊಸೆ ಮತ್ತೆ ಹಾಕುವಳು. ಕೈಗುಣವೂ ಸಿಕ್ಕಿತು, ಜಡೆಯೂ ನಿಂತಿತು.

ಇಡೀ ಊರಿನ ಹೆಂಗಸರಿಗೆ ಈ ಗುಟ್ಟು ಗೊತ್ತು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನೀನೂ ಎಲ್ಲೋ ಕೇಳಿರುತ್ತೀಯೆ. ಅದು ಗಂಡಸರು ಕಟ್ಟಿದ ಮಾತು.

ಹೀಗೆ ಒಂದು ವರ್ಷ ನಡೆಯಿತು. ದಾಕ್ಷಾಯಿಣಿಗೆ ಮಾತ್ರ ಮನಸ್ಸು ತಡೆಯದಾಯಿತು. ಪ್ರತಿ ಮದುವೆಯ ಮಾರನೆಯ ದಿನ ಯಾರಾದರೂ ಬಂದು, "ಜಡೆ ಅಂದ್ರೆ ಹೊಂಬಾಳಕ್ಕಂದು" ಎನ್ನುವರು. ಅತ್ತೆ "ಹೂಂ" ಎಂದು ತಲೆಯಾಡಿಸುವಳು. ಸೊಸೆ ಒಳಗೆ ನಿಂತು ಕೇಳಿಸಿಕೊಳ್ಳುವಳು. ನನ್ನನ್ನು ಅಷ್ಟು ಮರ್ಯಾದೆಯಿಂದ ನೋಡಿಕೊಂಡವಳಿಗೆ ದಿನಾ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಅವಳಿಗೆ ಸಂಕಟ. ಸಂಕಟ ಅದೊಂದೇ ಆಗಿತ್ತು ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಹೆಣೆದವಳು ನಾನು, ಹೆಸರು ಅವರದು ಎಂಬ ಚುರುಕೂ ಒಳಗೆಲ್ಲೋ ಇತ್ತು. ಅವಳೂ ಮನುಷ್ಯಳೇ.

ಗಿರಿಜಕ್ಕ ಒಂದು ದಿನ ಮಾಲೆ ಕಟ್ಟುತ್ತಾ ಹೇಳಿದಳು: "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ನಮ್ಮ ಹಿತ್ತಲಲ್ಲೇ ಕಳೀತದೆ ಕಣೆ."

ಅವಳು ಆಡಿದ್ದು ತಮಾಷೆಗೆ. ಇವಳಿಗೆ ನಾಟಿತು. ಎಣ್ಣೆಯಂಗಡಿಯವರ ಮಗಳ ಮದುವೆಗೆ ಎರಡು ದಿನವಿತ್ತು. ಅದೊಂದು ಆಗಲಿ, ಅಂದೇ ಅತ್ತೆಯ ಮುಂದೆ ಕೂತು ಎಲ್ಲ ಹೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿದಳು. ಹೇಳಿದರೆ ಅತ್ತೆ ಬಾಚಣಿಗೆ ಕೆಳಗಿಡುತ್ತಾಳೆ. ಇಟ್ಟರೆ ಬಹಳ ದಿನ ಉಳಿಯುವುದಿಲ್ಲ. ಅದೂ ಅವಳಿಗೆ ಗೊತ್ತಿತ್ತು. ಆದರೂ ನಿಜ ನಿಜವೇ ಎಂದುಕೊಂಡಳು. ನಿನ್ನ ವಯಸ್ಸಿನವರು ಅಂದುಕೊಳ್ಳುವ ಹಾಗೆ.

ಮದುವೆಯ ದಿನ ಬೆಳಗ್ಗೆ ಹೆಣ್ಣು ಹಿತ್ತಲಿಗೆ ಬಂದು ಕೂತಿತು. ದಾಕ್ಷಾಯಿಣಿ ಜಡೆಯ ತುದಿಯ ದಾರ ಹಿಡಿದು ಎಳೆದಳು. ಒಂದೇ ಎಳೆತಕ್ಕೆ ಗಂಟು ಬಿಟ್ಟು, ಜಡೆ ತಾನಾಗಿ ಬಿಚ್ಚಿಕೊಂಡಿತು.

ಅವಳ ಕೈ ನಿಂತಿತು.

ಅದು ಜಾರುಗಂಟು. ಎಳೆದರೆ ಬಿಡುವಂಥದ್ದು. ಅತ್ತೆ ಅವಳಿಗೆ ಮೊದಲು ಕಲಿಸಿದ ಪಾಠವೇ ಗಂಟಿನದು. "ಎರಡು ಗಂಟು ಬಿಗಿಯಾಗಿ, ಅದರ ಮೇಲೆ ಇನ್ನೊಂದು. ಜಡೆ ನಾಳೆ ಬೆಳಗ್ಗೆತನಕ ಜಪ್ಪಯ್ಯ ಅನ್ಬಾರ್ದು" ಎಂದು ಹೇಳಿ, ಹತ್ತು ಸಲ ಬಿಚ್ಚಿಸಿ ಕಟ್ಟಿಸಿದ್ದಳು. ಸೋತ ಕೈ ಗಂಟನ್ನು ಹೇಗೋ ಸುತ್ತಿ ಬಿಡುತ್ತದೆ. ಜಾರುಗಂಟು ಹಾಗೆ ತಪ್ಪಿ ಬೀಳುವಂಥದ್ದಲ್ಲ. ಊದಿದ ಬೆರಳುಗಳಿಗೆ ಅದು ಹೆಚ್ಚಿನ ಕೆಲಸ. ಅದನ್ನು ಬೇಕೆಂದೇ ಹಾಕಬೇಕು.

ದಾಕ್ಷಾಯಿಣಿ ಆ ತಲೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಪಿನ್ನುಗಳು ಅಲ್ಲಿ ಇಲ್ಲಿ ಇರಲಿಲ್ಲ. ಎಲ್ಲ ಬಲಗಡೆಗೆ ಒಂದೇ ಸಾಲಿನಲ್ಲಿದ್ದವು, ಒಂದಾದ ಮೇಲೊಂದು ತೆಗೆಯಲು ಸುಲಭವಾಗುವಂತೆ. ಎಣ್ಣೆ ಎಂದಿಗಿಂತ ಹೆಚ್ಚಿತ್ತು, ಬಾಚಿದರೆ ಎಲ್ಲೂ ಸಿಕ್ಕು ಹಿಡಿಯದಂತೆ. ಮೊದಲೆಲ್ಲ ಮೊಗ್ಗನ್ನು ಜಡೆಗೇ ಸೂಜಿಯಲ್ಲಿ ಹೊಲಿಯುತ್ತಿದ್ದ ಅತ್ತೆ, ಈಗ ಒಂದು ಪಟ್ಟಿಗೆ ಹೊಲಿದು ಜಡೆಯ ಮೇಲೆ ಕಟ್ಟುತ್ತಿದ್ದಳು. ಪಟ್ಟಿಯನ್ನು ಎತ್ತಿಟ್ಟು, ಜಡೆ ಹೆಣೆದು, ಮತ್ತೆ ಹಾಗೇ ಕಟ್ಟಬಹುದು. ಒಂದು ಮೊಗ್ಗೂ ಬಾಡುವುದಿಲ್ಲ. ಯಾಕತ್ತೆ ಎಂದು ಅವಳು ಹಿಂದೊಮ್ಮೆ ಕೇಳಿದ್ದಳು. "ಕಣ್ಣು ಕಾಣಕ್ಕಿಲ್ಲ ಕಣವ್ವ, ಸೂಜಿ ತಲೆಗೆ ಚುಚ್ಚೀತು" ಎಂದಿದ್ದಳು ಅತ್ತೆ.

ದಾಕ್ಷಾಯಿಣಿ ಹೆಣ್ಣನ್ನು ಕೇಳಿದಳು: "ನಮ್ಮತ್ತೆ ಜಡೆ ಶುರು ಮಾಡೋಕೆ ಮುಂಚೆ ಏನು ಮಾಡಿದ್ರು?"

"ಎರಡು ಕೈಯಲ್ಲೂ ನನ್ನ ಮುಖ ಸವರಿದ್ರು ಅಕ್ಕ. ಕೆನ್ನೆ, ಕಿವಿ, ಕುತ್ತಿಗೆ, ಹೆಗಲು. ನೆಟಿಗೆ ತೆಗೀತಾರೆ ಅಂದ್ಕಂಡೆ" ಎಂದಳು ಹುಡುಗಿ.

ಅದು ದೃಷ್ಟಿ ತೆಗೆದದ್ದಲ್ಲ. ಕಾಣದ ಕಣ್ಣಿನ ಕೆಲಸವನ್ನು ಅತ್ತೆಯ ಅಂಗೈ ಮಾಡುತ್ತಿತ್ತು. ಹುಡುಗಿಯ ಬೈತಲೆ ಎಲ್ಲಿರಬೇಕೋ ಅಲ್ಲೇ ಇತ್ತು. ಜಡೆ ಶುರುವಾಗಬೇಕಾದ ಎತ್ತರದಲ್ಲೇ ಶುರುವಾಗಿತ್ತು. ಒಂದು ವರ್ಷದಿಂದ ದಾಕ್ಷಾಯಿಣಿ ಎಷ್ಟೋ ಜಡೆ ಬಿಚ್ಚಿ ಹಾಕಿದ್ದಳು. ಒಂದು ಸಲವೂ ಬೈತಲೆ ಬದಲಿಸಿರಲಿಲ್ಲ. ಎತ್ತರ ಬದಲಿಸಿರಲಿಲ್ಲ. ಬದಲಿಸಬೇಕು ಎಂದು ಅನ್ನಿಸಿಯೇ ಇರಲಿಲ್ಲ. ಯಾವ ಮುಖಕ್ಕೆ ಏನು ಒಪ್ಪುತ್ತದೆ ಎಂದು ನೋಡಿದವಳು ಅತ್ತೆ. ತಾನು ಬರೀ ಹೆಣೆದವಳು. ಅತ್ತೆ ತನ್ನಿಂದ ಆಗುವುದನ್ನು ಪೂರ್ತಿ ಮಾಡಿ, ಆಗದ್ದನ್ನು ಸೊಸೆಗೆ ಸುಲಭವಾಗುವ ಹಾಗೆ ಬಿಟ್ಟುಕೊಟ್ಟಿದ್ದಳು.

ಈ ಜಾರುಗಂಟು ಎಂದಿನಿಂದ ಇದೆ ಎಂದು ನೆನಪು ಮಾಡಿಕೊಂಡಳು. ಹಿತ್ತಲಿನಲ್ಲಿ ಬಿಚ್ಚಿದ ಮೊದಲ ಜಡೆಯಲ್ಲೂ ಅದು ಇತ್ತು. ಕೈ ಸೋತು ಗಂಟು ಸಡಿಲಾಗಿದೆ ಎಂದುಕೊಂಡು ಅವಳು ಇಷ್ಟು ದಿನ ಗಮನ ಕೊಟ್ಟಿರಲಿಲ್ಲ.

ಅವಳು ಹುಡುಗಿಗೆ ಜಡೆ ಹಾಕಿ ಕಳಿಸಿದಳು. ಮನೆಗೆ ಬಂದು ಅತ್ತೆಯ ಮುಂದೆ ಬೆನ್ನು ಹಾಕಿ ಕೂತಳು. "ಅತ್ತೆ, ನಂಗೊಂದು ಜಡೆ ಹಾಕಿ. ಮದುವೆ ಮನೆಗೆ ಹೋಗ್ಬೇಕು" ಎಂದಳು.

ಹೊಂಬಾಳಮ್ಮ ಸೊಸೆಯ ಮುಖ ಸವರಲಿಲ್ಲ. ಆ ಮುಖ ಅವಳಿಗೆ ಗೊತ್ತಿತ್ತು. ನಡುಬೈತಲೆ ತೆಗೆದು, ನಾಲ್ಕು ಬೆರಳು ಎತ್ತರದಿಂದ ಶುರು ಮಾಡಿ ನಿಧಾನವಾಗಿ ಹೆಣೆದಳು. ಬೆರಳು ನೋಯುವುದು ಉಸಿರಿನಲ್ಲೇ ತಿಳಿಯುತ್ತಿತ್ತು. ತುದಿಗೆ ಬಂದಾಗ ದಾಕ್ಷಾಯಿಣಿ ಹೇಳಿದಳು: "ಗಂಟು ಗಟ್ಟಿಯಾಗಿ ಹಾಕಿ ಅತ್ತೆ."

ಅತ್ತೆಯ ಕೈ ತಡೆಯಿತು. ದಾರವನ್ನು ಬೆರಳಲ್ಲೇ ಹಿಡಿದು ಕೇಳಿದಳು: "ಬಿಚ್ಚೋರಿಗೆ ಕಷ್ಟ ಆಗಕ್ಕಿಲ್ವೇನವ್ವ?"

"ಇದನ್ನ ಯಾರೂ ಬಿಚ್ಚಲ್ಲ ಅತ್ತೆ."

ಹೊಂಬಾಳಮ್ಮ ಎರಡು ಗಂಟು ಬಿಗಿಯಾಗಿ ಹಾಕಿದಳು. ಅದರ ಮೇಲೆ ಇನ್ನೊಂದು ಹಾಕಿದಳು. ಆಮೇಲೆ ಸೊಸೆಯ ನೆತ್ತಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ಕೂತಳು.

ಜಡೆ ಹೇಗಿತ್ತು ಎಂದು ಕೇಳುತ್ತೀಯೇನು? ಸೊಟ್ಟಗಿತ್ತು. ಮೇಲೆ ಉಬ್ಬಿ, ನಡುವೆ ಸಡಿಲಾಗಿ, ಒಂದು ಎಳೆ ಹೊರಗೇ ಉಳಿದುಬಿಟ್ಟಿತ್ತು. ದಾಕ್ಷಾಯಿಣಿ ಅದನ್ನು ಬೆನ್ನ ಮೇಲೆ ಬಿಟ್ಟುಕೊಂಡು ಮುಂದಿನ ಬೀದಿಯಲ್ಲೇ ನಡೆದು ಮದುವೆ ಮನೆಗೆ ಹೋದಳು. ಊರಿನ ಅತ್ಯುತ್ತಮ ಜಡೆ ಹೆಣೆಯುವವಳ ತಲೆಯಲ್ಲಿ ಊರಿನ ಅತಿ ಸೊಟ್ಟ ಜಡೆ. ಗಿರಿಜಕ್ಕ ಓಡಿಬಂದು ಅವಳನ್ನು ಮೂಲೆಗೆ ಎಳೆದಳು. "ಬಾರೆ, ಯಾರೂ ನೋಡೋಕೆ ಮುಂಚೆ ಬಿಚ್ಚಿ ಹಾಕ್ತೀನಿ" ಎಂದಳು.

"ಬೇಡ ಗಿರಿಜಕ್ಕ" ಎಂದಳು ದಾಕ್ಷಾಯಿಣಿ. "ಗಂಟು ಗಟ್ಟಿಯಾಗಿದೆ."

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಇನ್ನಷ್ಟು ಹತ್ತಿರ ಸರಿದು ಕೂತ. "ಹಾಗಾದರೆ ಅವಳು ಕೊನೆಗೂ ಹೇಳಲಿಲ್ಲವೇ? ಅತ್ತೆಗೆ ಗೊತ್ತು ಎಂದು ಸೊಸೆಗೆ ಗೊತ್ತು. ಸೊಸೆಗೆ ಗೊತ್ತಾಯಿತು ಎಂದು ಅತ್ತೆಗೂ ಗೊತ್ತು. ಆಮೇಲೂ ಹಿತ್ತಲಿನಲ್ಲಿ ಬಿಚ್ಚಿ ಹಾಕುವುದು ನಡೆದೇ ಇತ್ತೇ?" ಎಂದು ಕೇಳಿದ.

"ಹೊಂಬಾಳಮ್ಮ ಇರುವವರೆಗೂ ನಡೆಯಿತು. ಇನ್ನೂ ನಾಲ್ಕು ವರ್ಷ" ಎಂದರು ಗುರು.

"ಅದು ಸರಿಯೇ ಗುರುಗಳೇ?"

ಗುರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಮೂರು ತಿಂಗಳಿಂದ ನಾನು ಪಾಠದಲ್ಲಿ ಮರೆತು ತಪ್ಪು ಹೇಳಿದ್ದನ್ನೆಲ್ಲ ನೀನು ಬಾವಿಕಟ್ಟೆಯ ಹತ್ತಿರ ಉಳಿದವರಿಗೆ ತಿದ್ದಿ ಹೇಳುತ್ತೀಯಲ್ಲ, ಇನ್ನು ಮೇಲೆ ಸ್ವಲ್ಪ ನಿಧಾನವಾಗಿ ಹೇಳಪ್ಪ, ಬರೆದುಕೊಳ್ಳುವವರಿಗೆ ಕೈ ಓಡುವುದಿಲ್ಲ."